ಆರು ಮೈಲಿಯ ಚೌಕ: ಅಮೆರಿಕದ ಹಳ್ಳಿಗಾಡಿನ ‘ಟೌನ್‌ಶಿಪ್’ ಅಂದರೆ ಏನು?

ಒಹಾಯೊ ಅಥವಾ ಇಂಡಿಯಾನಾ ರಾಜ್ಯದ ಮೇಲೆ ಹಗಲು ಹೊತ್ತಿನಲ್ಲಿ ವಿಮಾನ ಹಾರುವಾಗ ಕಿಟಕಿ ಪಕ್ಕದ ಸೀಟು ಸಿಕ್ಕರೆ ನಿದ್ದೆ ಮಾಡಬೇಡಿ, ಕೆಳಗೆ ನೋಡಿ. ನೆಲದ ಮೇಲೆ ಯಾರೋ ಚೌಕಾಬಾರದ ಮನೆ ಬರೆದ ಹಾಗಿರುತ್ತದೆ. ರಸ್ತೆಗಳೆಲ್ಲ ನೇರ. ಒಂದಷ್ಟು ಉತ್ತರದಿಂದ ದಕ್ಷಿಣಕ್ಕೆ, ಇನ್ನೊಂದಷ್ಟು ಪೂರ್ವದಿಂದ ಪಶ್ಚಿಮಕ್ಕೆ. ಹೆಚ್ಚು ಕಡಿಮೆ ಮೈಲಿಗೊಂದು ರಸ್ತೆ. ನಡುವೆ ಹಳ್ಳ ಬಂದರೂ ರಸ್ತೆ ಬಳಸಿಕೊಂಡು ಹೋಗುವುದಿಲ್ಲ, ಸೇತುವೆ ಹಾಕಿಕೊಂಡು ಸೀದಾ ದಾಟುತ್ತದೆ.

ಕಾಲುದಾರಿ ಗಾಡಿದಾರಿಯಾಗಿ, ಗಾಡಿದಾರಿ ಟಾರು ರಸ್ತೆಯಾದ ಊರುಗಳು ಹೀಗಿರುವುದಿಲ್ಲ. ಇಲ್ಲಿ ಜನ ಬಂದು ನೆಲೆಸುವುದಕ್ಕೆ ಮೊದಲೇ ನೆಲವನ್ನು ಗೆರೆ ಹೊಡೆದು ಹಂಚಿದ್ದರು. ಆ ಹಂಚಿಕೆಯ ಒಂದು ಪಾಲಿನ ಹೆಸರೇ ಟೌನ್‌ಶಿಪ್.

ಈ ಪದ ನಮಗೆ ಸ್ವಲ್ಪ ದಾರಿ ತಪ್ಪಿಸುತ್ತದೆ. ಟೌನ್‌ಶಿಪ್ ಅಂದ ಕೂಡಲೇ ಕಾರ್ಖಾನೆ ಪಕ್ಕದ ಕ್ವಾರ್ಟರ್ಸೋ ಗೇಟು ಹಾಕಿದ ದೊಡ್ಡ ಬಡಾವಣೆಯೋ ಕಣ್ಣಿಗೆ ಬರುತ್ತದೆ. ಅಮೆರಿಕದಲ್ಲಿ ಅದರ ಅರ್ಥ ಬೇರೆ. ಅದೂ ಒಂದಲ್ಲ, ಎರಡು. ಒಂದು, ಸರ್ವೆ ನಕ್ಷೆಯ ಮೇಲಿನ ಚೌಕ. ಇನ್ನೊಂದು, ಚುನಾವಣೆ ನಡೆಸಿ, ತೆರಿಗೆ ಎತ್ತಿ, ರಸ್ತೆ ರಿಪೇರಿ ಮಾಡುವ ಸ್ಥಳೀಯ ಸರ್ಕಾರ. ಎಷ್ಟೋ ಕಡೆ ಎರಡರ ಗಡಿಯೂ ಒಂದೇ. ಎಲ್ಲ ಕಡೆ ಅಲ್ಲ. ಅಲ್ಲಿ ಹುಟ್ಟಿ ಬೆಳೆದವರಿಗೂ ಇದು ಗೋಜಲಾಗುವುದು ಇದಕ್ಕೇ. ಹಾಗಾಗಿ ಮೊದಲು ಚೌಕದ ಕಥೆ ನೋಡೋಣ, ಸರ್ಕಾರದ್ದು ಆಮೇಲೆ.

ಸಾಲ ತೀರಿಸಲು ಎಳೆದ ಗೆರೆ

ಸ್ವಾತಂತ್ರ್ಯ ಯುದ್ಧ ಮುಗಿದಾಗ ಅಮೆರಿಕದ ಹೊಸ ಸರ್ಕಾರದ ಕೈ ಬರಿದಾಗಿತ್ತು. ಯುದ್ಧದ ಸಾಲ ತಲೆ ಮೇಲಿತ್ತು. ಜನರ ಮೇಲೆ ನೇರವಾಗಿ ತೆರಿಗೆ ಹಾಕುವ ಅಧಿಕಾರವೂ ಆಗಿನ ಕಾಂಗ್ರೆಸ್ಸಿಗೆ ಇರಲಿಲ್ಲ. ಆದರೆ ಒಹಾಯೊ ನದಿಯ ಆಚೆ ಜಮೀನು ಬೇಕಾದಷ್ಟಿತ್ತು. ಮಾರಿದರೆ ದುಡ್ಡು. ಆದರೆ ಅಳತೆ ಇಲ್ಲದ ಜಮೀನನ್ನು ಯಾರು ಕೊಳ್ಳುತ್ತಾರೆ?

1785ರ ಮೇ 20ರಂದು ಕಾಂಗ್ರೆಸ್ ಒಂದು ಭೂ ಕಾಯ್ದೆ ಮಾಡಿತು. ಜಮೀನನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಯಬೇಕು. ಪ್ರತಿ ಚೌಕವೂ ಒಂದು ಟೌನ್‌ಶಿಪ್. ಅದರೊಳಗೆ ಒಂದೊಂದು ಚದರ ಮೈಲಿಯ 36 ತುಂಡು. ಈ ತುಂಡಿಗೆ ಮುಂದೆ ಸೆಕ್ಷನ್ ಅನ್ನುವ ಹೆಸರು ನಿಂತಿತು. ಒಂದು ಸೆಕ್ಷನ್ 640 ಎಕರೆ, ಇಡೀ ಟೌನ್‌ಶಿಪ್ 23,040 ಎಕರೆ. ಕನಿಷ್ಠ ಬೆಲೆ ಎಕರೆಗೆ ಒಂದು ಡಾಲರ್. ಸೆಕ್ಷನ್‌ಗಿಂತ ಕಡಿಮೆ ಮಾರುವ ಹಾಗಿಲ್ಲ. ಅಂದರೆ 640 ಡಾಲರ್ ಕೈಯಲ್ಲಿದ್ದವನು ಮಾತ್ರ ಮುಂದೆ ಬರಬೇಕು. ಆ ಕಾಲದ ಸಾಧಾರಣ ರೈತನಿಗೆ ಅದು ಎಟುಕದ ಮಾತು. ಮುಂದೆ ಕಾನೂನು ಸಡಿಲವಾಗುತ್ತ ಬಂತು. 1820ರ ಹೊತ್ತಿಗೆ 80 ಎಕರೆಯನ್ನು ಎಕರೆಗೆ ಒಂದೂಕಾಲು ಡಾಲರಿನಂತೆ ಕೊಳ್ಳಬಹುದಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಂತೂ ಐದು ವರ್ಷ ಇದ್ದು ಉಳುಮೆ ಮಾಡಿದವರಿಗೆ 160 ಎಕರೆ ಹೆಚ್ಚು ಕಡಿಮೆ ಪುಕ್ಕಟೆ.

1785ರ ಸೆಪ್ಟೆಂಬರ್ 30ರಂದು ಥಾಮಸ್ ಹಚಿನ್ಸ್ ಎಂಬ ಸರ್ಕಾರಿ ಭೂಗೋಳಜ್ಞ ಅಳತೆ ಶುರು ಮಾಡಿದರು. ಪೆನ್ಸಿಲ್ವೇನಿಯಾದ ಪಶ್ಚಿಮ ಗಡಿ ಒಹಾಯೊ ನದಿಯನ್ನು ಮುಟ್ಟುವ ಜಾಗ ಅದು, ಈಗಿನ ಈಸ್ಟ್ ಲಿವರ್‌ಪೂಲ್ ಊರಿನ ಹತ್ತಿರ. ಅಲ್ಲೊಂದು ಕಲ್ಲು ನೆಟ್ಟಿದ್ದಾರೆ. ಮೊದಲ ಗೂಟ ಇದ್ದದ್ದು ಇಲ್ಲಿಂದ ದಕ್ಷಿಣಕ್ಕೆ 1,112 ಅಡಿ ದೂರದಲ್ಲಿ ಅಂತ ಅದರ ಮೇಲೆ ಬರೆದಿದೆ. ಆ ಜಾಗ ಈಗ ನದಿ ನೀರಿನಡಿ ಮುಳುಗಿದೆ.

ಅಳತೆಗೆ ಬಳಸಿದ್ದು ಗಂಟರ್ ಸರಪಳಿ. 66 ಅಡಿ ಉದ್ದ, 100 ಕೊಂಡಿ. 80 ಸರಪಳಿ ಸೇರಿದರೆ ಒಂದು ಮೈಲಿ, 10 ಚದರ ಸರಪಳಿ ಸೇರಿದರೆ ಒಂದು ಎಕರೆ. ನಮ್ಮ 40 ಗುಂಟೆಯ ಎಕರೆಯೂ ಇದೇ ಲೆಕ್ಕದ್ದು. ಇಬ್ಬರು ಸರಪಳಿ ಎಳೆಯುವವರು, ಮರ ಕಡಿದು ದಾರಿ ಮಾಡುವವರು, ದಿಕ್ಸೂಚಿ ಹಿಡಿದ ಒಬ್ಬ ಸರ್ವೆಯರ್. ಕಾಡು, ಕೆಸರು, ಸೊಳ್ಳೆ ಏನೇ ಇರಲಿ, ಗೆರೆ ಮಾತ್ರ ನೇರ ಹೋಗಬೇಕು.

ಆ ನೆಲ ಖಾಲಿ ಬಿದ್ದಿರಲಿಲ್ಲ. ಶಾನೀ, ಡೆಲವೇರ್, ಮಯಾಮಿ, ವಯಂಡಾಟ್ ಮುಂತಾದ ಮೂಲನಿವಾಸಿ ಜನರ ಊರು, ಹೊಲ, ಬೇಟೆಯ ಕಾಡು ಅದು. ದಾಳಿಯ ಸುದ್ದಿ ಬಂದು ಹಚಿನ್ಸ್ ಮೊದಲ ವರ್ಷ ಸುಮಾರು ನಾಲ್ಕು ಮೈಲಿ ಅಳೆಯುವಷ್ಟರಲ್ಲಿ ವಾಪಸ್ ಹೋಗಬೇಕಾಯಿತು. ಮರುವರ್ಷ ಸೈನಿಕರ ಕಾವಲಿನಲ್ಲಿ ಕೆಲಸ ಮುಂದುವರಿಯಿತು. 1794ರಲ್ಲಿ ಫಾಲನ್ ಟಿಂಬರ್ಸ್ ಎಂಬಲ್ಲಿ ಮೂಲನಿವಾಸಿಗಳ ಒಕ್ಕೂಟ ಯುದ್ಧ ಸೋತಿತು. 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಈಗಿನ ಒಹಾಯೊದ ಬಹುಪಾಲು ನೆಲವನ್ನು ಬಿಟ್ಟುಕೊಡಬೇಕಾಯಿತು. 1830ರ ಸ್ಥಳಾಂತರ ಕಾಯ್ದೆ ಬಂದ ಮೇಲೆ ಉಳಿದವರನ್ನೂ ಮಿಸಿಸಿಪಿ ನದಿಯ ಆಚೆಗೆ ಸಾಗಿಸಿದರು. ಟೌನ್‌ಶಿಪ್ ಇತಿಹಾಸ ಬರೆಯುವ ಎಷ್ಟೋ ಜನ ‘ಮೊದಲು ಬಂದ ಕುಟುಂಬ’ ಅಂತ ಶುರು ಮಾಡುತ್ತಾರೆ. ಅದಕ್ಕೆ ಹಿಂದಿನದು ಒಂದು ಸಾಲಿನಲ್ಲಿ ಮುಗಿದಿರುತ್ತದೆ, ಅಥವಾ ಇರುವುದೇ ಇಲ್ಲ.

ಎತ್ತು ತಿರುಗಿದ ಹಾಗೆ ನಂಬರು

ಚೌಕದೊಳಗಿನ 36 ಸೆಕ್ಷನ್‌ಗಳಿಗೆ ನಂಬರು ಕೊಡುವ ಕ್ರಮ ನನಗೆ ತುಂಬ ಇಷ್ಟ. 1796ರ ಕಾಯ್ದೆ ಅದನ್ನು ಈಗಿನ ರೂಪಕ್ಕೆ ತಂದಿತು. ಈಶಾನ್ಯ ಮೂಲೆಯ ತುಂಡು ಒಂದು. ಅಲ್ಲಿಂದ ಪಶ್ಚಿಮಕ್ಕೆ ಎಣಿಸುತ್ತ ಹೋದರೆ ಮೊದಲ ಸಾಲು ಆರಕ್ಕೆ ಮುಗಿಯುತ್ತದೆ. ಏಳನೆಯದು ಆರರ ಕೆಳಗೇ. ಈಗ ಪೂರ್ವಕ್ಕೆ ತಿರುಗಿ ಹನ್ನೆರಡರವರೆಗೆ. ಮತ್ತೆ ಕೆಳಗಿಳಿದು ಪಶ್ಚಿಮಕ್ಕೆ. ಹೊಲ ಉಳುವಾಗ ಎತ್ತು ಬದುವಿನ ತನಕ ಹೋಗಿ ತಿರುಗಿ ಬರುವುದಿಲ್ವಾ, ಹಾಗೇ. ಕೊನೆಯ 36 ಬಂದು ನಿಲ್ಲುವುದು ಆಗ್ನೇಯ ಮೂಲೆಯಲ್ಲಿ. ಹೀಗೆ ಮಾಡಿದರೆ ಅಕ್ಕಪಕ್ಕದ ನಂಬರುಗಳು ಯಾವತ್ತೂ ಅಕ್ಕಪಕ್ಕದ ಜಮೀನೇ ಆಗಿರುತ್ತವೆ.

ಈ ಲೆಕ್ಕದಲ್ಲಿ 16ನೇ ಸೆಕ್ಷನ್ ಚೌಕದ ನಡುಭಾಗಕ್ಕೆ ಬರುತ್ತದೆ. ಆ ನಂಬರಿನ ತುಂಡನ್ನು ಶಾಲೆಗಾಗಿ ಬಿಡಬೇಕು ಅಂತ 1785ರ ಕಾಯ್ದೆಯೇ ಹೇಳಿತ್ತು. ಅಲ್ಲೇ ಶಾಲೆ ಕಟ್ಟಬೇಕು ಅಂತೇನಲ್ಲ. ಆ ಜಮೀನು ಗುತ್ತಿಗೆಗೆ ಕೊಟ್ಟೋ ಮಾರಿಯೋ ಬಂದ ಹಣ ಶಾಲೆಗೆ ಹೋಗಬೇಕು. ಕೆಲವು ಕಡೆ ಹಣ ಸರಿಯಾಗಿ ಶಾಲೆ ಸೇರಿತು, ಕೆಲವು ಕಡೆ ಜಮೀನು ಅಗ್ಗಕ್ಕೆ ಕೈಬಿಟ್ಟು ಹೋಯಿತು. ಅದೇನೇ ಇರಲಿ, ಜನ ಬರುವುದಕ್ಕೆ ಮುಂಚೆ ಮಕ್ಕಳ ಶಾಲೆಗೆ ಒಂದು ಚದರ ಮೈಲಿ ತೆಗೆದಿಟ್ಟದ್ದು ಸಣ್ಣ ಯೋಚನೆ ಅಲ್ಲ.

ಇಂದಿಗೂ ಅಲ್ಲಿನ ಜಮೀನು ಪತ್ರ ಈ ಭಾಷೆಯಲ್ಲೇ ಮಾತಾಡುತ್ತದೆ. ಸೆಕ್ಷನ್ 12ರ ಈಶಾನ್ಯ ಕಾಲುಭಾಗದ ವಾಯವ್ಯ ಕಾಲುಭಾಗ, ಟೌನ್‌ಶಿಪ್ 3 ಉತ್ತರ, ರೇಂಜ್ 5 ಪೂರ್ವ ಅಂತ ಇರುತ್ತದೆ. ಇದನ್ನು ಕೊನೆಯಿಂದ ಓದಬೇಕು. ಸರ್ವೆಗೆ ಎಳೆದ ಮೂಲರೇಖೆಗಳಿಂದ ಪೂರ್ವಕ್ಕೆ ಐದನೇ ಸಾಲು, ಉತ್ತರಕ್ಕೆ ಮೂರನೇ ಚೌಕ, ಅದರೊಳಗೆ 12ನೇ ತುಂಡು. ಅದರ ಕಾಲು 160 ಎಕರೆ. ಆ ಕಾಲಿನ ಕಾಲು 40 ಎಕರೆ. ಮನೆಯಿಂದ ದೂರ ಇರುವ ಹೊಲಕ್ಕೆ ರೈತರು ‘ಹಿಂದಿನ ನಲವತ್ತು’ ಅನ್ನುವುದು ಇದರಿಂದಲೇ. ಡೆಟ್ರಾಯಿಟ್‌ನ ಪ್ರಸಿದ್ಧ ಎಯ್ಟ್ ಮೈಲ್ ರಸ್ತೆ ಇದೆಯಲ್ಲ, ಅದು ಮಿಶಿಗನ್ ಸರ್ವೆಯ ಪೂರ್ವ-ಪಶ್ಚಿಮ ಮೂಲರೇಖೆಯ ಮೇಲೇ ಓಡುತ್ತದೆ.

ಭೂಮಿ ಗುಂಡಗಿದೆ, ಕಾಗದ ಚಪ್ಪಟೆ

ಈ ಚಂದದ ಲೆಕ್ಕಕ್ಕೆ ಒಂದು ತೊಡಕಿದೆ. ಉತ್ತರಕ್ಕೆ ಹೋಗುವ ಗೆರೆಗಳು ಸಮಾನಾಂತರ ಅಲ್ಲ. ಅವೆಲ್ಲ ಧ್ರುವದಲ್ಲಿ ಸೇರುತ್ತವೆ. ಉತ್ತರ ಒಹಾಯೊ ಇರುವ 41 ಡಿಗ್ರಿ ಅಕ್ಷಾಂಶದ ಹತ್ತಿರ ಆರು ಮೈಲಿ ಅಂತರದ ಎರಡು ಗೆರೆ ಹಿಡಿದು ಆರು ಮೈಲಿ ಉತ್ತರಕ್ಕೆ ನಡೆದರೆ, ಮೇಲಿನ ತುದಿಯಲ್ಲಿ ಅವು ಸುಮಾರು 40 ಅಡಿ ಹತ್ತಿರ ಬಂದಿರುತ್ತವೆ. ಒಂದು ಚೌಕಕ್ಕೆ 40 ಅಡಿ ದೊಡ್ಡದಲ್ಲ. ಚೌಕದ ಮೇಲೆ ಚೌಕ ಪೇರಿಸುತ್ತ ಹೋದರೆ ತಪ್ಪು ಬೆಳೆಯುತ್ತಲೇ ಹೋಗುತ್ತದೆ.

ಅದಕ್ಕೆ ಎರಡು ಉಪಾಯ ಮಾಡಿದರು. ಒಂದು, ಚೌಕದೊಳಗಿನ ಹೆಚ್ಚು ಕಡಿಮೆಯನ್ನೆಲ್ಲ ಉತ್ತರದ ಸಾಲಿಗೂ ಪಶ್ಚಿಮದ ಸಾಲಿಗೂ ತಳ್ಳುವುದು. ಹಾಗಾಗಿ ಆ ಎರಡು ಅಂಚಿನ ಸೆಕ್ಷನ್‌ಗಳು ಸರಿಯಾಗಿ 640 ಎಕರೆ ಇರುವುದು ಅಪರೂಪ. ಇನ್ನೊಂದು, ಕೆಲವು ಚೌಕಗಳಾದ ಮೇಲೆ ಹೊಸದಾಗಿ ಅಳತೆ ಶುರು ಮಾಡುವುದು. ನಂತರದ ನಿಯಮದ ಪ್ರಕಾರ ಪ್ರತಿ 24 ಮೈಲಿಗೆ ಒಂದು ತಿದ್ದುಪಡಿ ರೇಖೆ ಬರುತ್ತದೆ. ಅಲ್ಲಿ ಕೆಳಗಿನ ಚೌಕದ ಮೂಲೆಗೂ ಮೇಲಿನ ಚೌಕದ ಮೂಲೆಗೂ ತಾಳೆಯಾಗುವುದಿಲ್ಲ.

ಇದು ರಸ್ತೆಯಲ್ಲಿ ಗೊತ್ತಾಗುತ್ತದೆ. ಮೈಲಿಗಟ್ಟಲೆ ಬಾಣದ ಹಾಗೆ ಉತ್ತರಕ್ಕೆ ಹೋಗುತ್ತಿದ್ದ ರಸ್ತೆ ಒಂದು ಅಡ್ಡರಸ್ತೆಗೆ ಬಂದು ತಟ್ಟನೆ ನಿಲ್ಲುತ್ತದೆ. ಎಡಕ್ಕೋ ಬಲಕ್ಕೋ ನೂರಿನ್ನೂರು ಅಡಿ ಹೋಗಬೇಕು. ಅಲ್ಲಿಂದ ಅದೇ ರಸ್ತೆ ಮತ್ತೆ ಉತ್ತರಕ್ಕೆ ಹೊರಡುತ್ತದೆ. ಸುತ್ತ ಬರೀ ಜೋಳದ ಹೊಲ. ಗುಡ್ಡ ಇಲ್ಲ, ಕೆರೆ ಇಲ್ಲ, ತಿರುವಿಗೆ ಕಾರಣವೇ ಕಾಣುವುದಿಲ್ಲ. ಕಾರಣ ಇಷ್ಟೇ, ಭೂಮಿ ಗುಂಡಗಿದೆ.

ಅಂದ ಹಾಗೆ, ಒಹಾಯೊ ಪೂರ್ತಿ ಆರು ಮೈಲಿಯ ಚೌಕ ಅಂದುಕೊಳ್ಳಬೇಡಿ. ಈಶಾನ್ಯದ ‘ವೆಸ್ಟರ್ನ್ ರಿಸರ್ವ್’ ಭಾಗ ಕನೆಕ್ಟಿಕಟ್ ರಾಜ್ಯ ತನಗೆಂದು ಉಳಿಸಿಕೊಂಡಿದ್ದ ಜಾಗ. ಅಲ್ಲಿ ಐದು ಮೈಲಿಯ ಚೌಕ. ಸಯೋಟೊ ಮತ್ತು ಲಿಟ್ಲ್ ಮಯಾಮಿ ನದಿಗಳ ನಡುವಿನ ಜಾಗವನ್ನು ವರ್ಜೀನಿಯಾ ತನ್ನ ಸೈನಿಕರಿಗೆ ಮೀಸಲಿಟ್ಟಿತ್ತು. ಅಲ್ಲಿ ಚೌಕವೇ ಇಲ್ಲ. ‘ಹಳ್ಳದ ಪಕ್ಕದ ಓಕ್ ಮರದಿಂದ ಇಷ್ಟು ದೂರದ ಬಂಡೆಯ ತನಕ’ ಅನ್ನುವ ಹಳೇ ಪದ್ಧತಿ. ಮರ ಬಿತ್ತು, ಹಳ್ಳ ದಿಕ್ಕು ಬದಲಿಸಿತು, ಕೋರ್ಟಿನಲ್ಲಿ ವ್ಯಾಜ್ಯ ಬೆಳೆಯಿತು. ಇವತ್ತಿಗೂ ಆ ಭಾಗದ ಟೌನ್‌ಶಿಪ್ ನಕ್ಷೆ ಹರಿದ ಕಾಗದದ ಚೂರುಗಳನ್ನು ಜೋಡಿಸಿದ ಹಾಗೆ ಕಾಣುತ್ತದೆ.

ಚೌಕ ಹಾಕಿದ ಮಾತ್ರಕ್ಕೆ ನೆಲ ಸುಮ್ನೆ ಕೇಳುವುದೂ ಇಲ್ಲ. ವಾಯವ್ಯ ಒಹಾಯೊದ ‘ಗ್ರೇಟ್ ಬ್ಲ್ಯಾಕ್ ಸ್ವಾಂಪ್’ ದೊಡ್ಡ ಜವುಗು ಕಾಡು. ನಕ್ಷೆಯಲ್ಲಿ ಟೌನ್‌ಶಿಪ್ ಇದ್ದರೂ ನೆಲದ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಕಾಲುವೆ ತೋಡಿ, ಹೊಲದಡಿ ಸುಟ್ಟ ಮಣ್ಣಿನ ಕೊಳವೆ ಹೂತು ನೀರು ಬಸಿದರು. ಈಗ ಅದು ರಾಜ್ಯದ ಒಳ್ಳೇ ಹೊಲಗಳಲ್ಲಿ ಒಂದು. ಕಾಲುವೆ ಹೂಳು ತೆಗೆಯದಿದ್ದರೆ ಇಂದಿಗೂ ನೀರು ನಿಲ್ಲುತ್ತದೆ.

ಚೌಕದೊಳಗೆ ಸರ್ಕಾರ

ಜನ ಬಂದರು. ರಸ್ತೆ ಬೇಕು, ಹೊಡೆದಾಟ ಆದರೆ ಹಿಡಿಯುವವರು ಬೇಕು, ಗತಿಯಿಲ್ಲದವರಿಗೆ ಊಟ ಬೇಕು. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರದೇಶದಿಂದ ಬಂದವರಿಗೆ ಊರಿನವರೆಲ್ಲ ಸಭೆ ಸೇರಿ ತೀರ್ಮಾನ ಮಾಡುವ ರೂಢಿ ಇತ್ತು. ಹೇಗೂ ಗೆರೆ ಹಾಕಿದ ಚೌಕ ಸಿದ್ಧವಿತ್ತು. ಸರ್ಕಾರವನ್ನು ಅದರೊಳಗೇ ಕೂರಿಸಿದರು.

ಒಹಾಯೊ ರಾಜ್ಯವಾದದ್ದು 1803ರಲ್ಲಿ. ಮರುವರ್ಷದ ಹೊತ್ತಿಗೆ ಅಲ್ಲಿನ ಟೌನ್‌ಶಿಪ್‌ನಲ್ಲಿ ಚುನಾಯಿತರ ಪಟ್ಟಿ ದೊಡ್ಡದೇ ಇತ್ತು. ಆಡಳಿತ ನಡೆಸುವ ಮೂವರು ಟ್ರಸ್ಟಿಗಳು, ಒಬ್ಬ ಗುಮಾಸ್ತ, ಬಡವರ ಮೇಲ್ವಿಚಾರಕರು ಇಬ್ಬರು, ರಸ್ತೆ ಮೇಲ್ವಿಚಾರಕರು, ಜೊತೆಗೆ ಕಾನ್‌ಸ್ಟೇಬಲ್ ಮತ್ತು ಚಿಕ್ಕಪುಟ್ಟ ವ್ಯಾಜ್ಯ ತೀರಿಸುವ ನ್ಯಾಯಾಧೀಶರು. ಬಡವರ ಮೇಲ್ವಿಚಾರಕರು ಕರುಣೆಯಿಂದಲೇ ನಡೆದುಕೊಂಡರು ಅಂತಲ್ಲ. ಹೊಸದಾಗಿ ಬಂದ ಬಡ ಕುಟುಂಬ ಟೌನ್‌ಶಿಪ್ ಮೇಲೆ ಭಾರ ಆದೀತು ಅನ್ನಿಸಿದರೆ ಕಾನ್‌ಸ್ಟೇಬಲ್ ಕೈಲಿ ‘ಇಲ್ಲಿಂದ ಹೊರಡಿ’ ಎಂಬ ನೋಟಿಸ್ ಕೊಡಿಸುತ್ತಿದ್ದರು.

ಆ ಪಟ್ಟಿಯಲ್ಲಿ ಈಗ ಉಳಿದಿರುವುದು ಮೂವರು ಟ್ರಸ್ಟಿಗಳು ಮತ್ತು ಲೆಕ್ಕಪತ್ರ ನೋಡುವ ಒಬ್ಬ ಹಣಕಾಸು ಅಧಿಕಾರಿ ಮಾತ್ರ. ನಾಲ್ವರನ್ನೂ ಜನರೇ ಆರಿಸುತ್ತಾರೆ, ನಾಲ್ಕು ವರ್ಷಕ್ಕೆ. ಹಳ್ಳಿ ಕಡೆ ಇದು ಪೂರ್ತಿ ಹೊತ್ತಿನ ಕೆಲಸವೂ ಅಲ್ಲ. ಟ್ರಸ್ಟಿ ಹಗಲು ಹೊಲದಲ್ಲಿರುತ್ತಾರೆ, ಸಂಜೆ ಸಭೆಗೆ ಬರುತ್ತಾರೆ. ಒಹಾಯೊದಲ್ಲಿ ಇಂಥ 1,308 ಟೌನ್‌ಶಿಪ್‌ಗಳಿವೆ.

ಕೆಲಸ ಏನು? ಮೊದಲನೆಯದು ರಸ್ತೆ. ಹೆದ್ದಾರಿ ರಾಜ್ಯದ್ದು, ದೊಡ್ಡ ರಸ್ತೆ ಕೌಂಟಿಯದು (ಕೌಂಟಿ ಅಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆಯ ಹಾಗೆ), ಮನೆ ಮುಂದಿನ ರಸ್ತೆ ಟೌನ್‌ಶಿಪ್‌ನದು. ಹಿಮ ಬಿದ್ದರೆ ಅದನ್ನು ಗೋರಿ ತೆಗೆದು ಉಪ್ಪು ಚೆಲ್ಲುವುದು, ಮೋರಿ ಕುಸಿದರೆ ಕಟ್ಟುವುದು, ಜಲ್ಲಿ ಹಾಕುವುದು, ಬದಿಯ ಹುಲ್ಲು ಕೊಯ್ಯುವುದು. ಆಮೇಲೆ ಅಗ್ನಿಶಾಮಕ ಮತ್ತು ಆಂಬುಲೆನ್ಸ್. ಹಳ್ಳಿ ಕಡೆ ಬೆಂಕಿ ಆರಿಸುವವರು ಬಹಳಷ್ಟು ಸಲ ಸ್ವಯಂಸೇವಕರು. ಸ್ಮಶಾನ ನೋಡಿಕೊಳ್ಳುವುದೂ ಇವರದೇ. ವಾರಸುದಾರರಿಲ್ಲದೆ ಬಿಟ್ಟುಹೋದ ಹಳೇ ಸ್ಮಶಾನದ ಬೇಲಿ, ಹುಲ್ಲು ಕೂಡ ಟ್ರಸ್ಟಿಗಳ ತಲೆ ಮೇಲೆ ಬರುತ್ತದೆ. ಇನ್ನೂ ಒಂದಿದೆ. ಇಬ್ಬರು ರೈತರು ನಡುವಿನ ಬೇಲಿಯ ಖರ್ಚಿನ ವಿಷಯಕ್ಕೆ ಜಗಳ ಮಾಡಿಕೊಂಡರೆ, ಟ್ರಸ್ಟಿಗಳು ಸ್ಥಳಕ್ಕೆ ಹೋಗಿ ನೋಡಿ, ಯಾರು ಎಷ್ಟು ಭಾಗ ಕಟ್ಟಬೇಕು ಅಂತ ತೀರ್ಪು ಕೊಡುವ ಅಧಿಕಾರ ಕಾನೂನಿನಲ್ಲಿದೆ.

ಜೋನಿಂಗ್ ಅಂದರೆ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಗೋದಾಮು ಅನ್ನುವ ನಿಯಮ. ಒಹಾಯೊದಲ್ಲಿ ಅದನ್ನು ಟೌನ್‌ಶಿಪ್ ಮಾಡಬಹುದು, ಆದರೆ ಬೇಸಾಯದ ಮೇಲೆ ಅದಕ್ಕೆ ಹೆಚ್ಚು ಹಿಡಿತ ಇಲ್ಲ. ಸಭೆ ತುಂಬುವುದು ಈ ವಿಷಯ ಬಂದಾಗಲೇ. ಮಾಮೂಲಿ ದಿನ ನಾಲ್ಕು ಕುರ್ಚಿ ತುಂಬದ ಹಾಲ್‌ನಲ್ಲಿ, ‘ಪಕ್ಕದ ಹೊಲದಲ್ಲಿ ಇನ್ನೂರು ಮನೆ ಬರುತ್ತಂತೆ’ ಅಂದ ದಿನ ನಿಲ್ಲಲು ಜಾಗ ಇರುವುದಿಲ್ಲ.

ದುಡ್ಡು ಎಲ್ಲಿಂದ

ಮುಖ್ಯವಾಗಿ ಆಸ್ತಿ ತೆರಿಗೆಯಿಂದ. ಇದನ್ನು ‘ಮಿಲ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮಿಲ್ ಅಂದರೆ ತೆರಿಗೆಗೆ ಒಳಪಡುವ ಪ್ರತಿ 1,000 ಡಾಲರಿಗೆ ಒಂದು ಡಾಲರ್. ಒಹಾಯೊದಲ್ಲಿ ಮಾರುಕಟ್ಟೆ ಬೆಲೆಯ ಶೇ 35ರಷ್ಟನ್ನು ಮಾತ್ರ ತೆರಿಗೆಗೆ ಹಿಡಿಯುತ್ತಾರೆ. ಮನೆ 2 ಲಕ್ಷ ಡಾಲರಿನದು ಅಂದುಕೊಳ್ಳಿ. ತೆರಿಗೆಗೆ ಬರುವುದು 70,000 ಡಾಲರ್. ಆಂಬುಲೆನ್ಸಿಗೆ 2 ಮಿಲ್ ಬೇಕು ಅಂದರೆ, ರಿಯಾಯಿತಿ ಲೆಕ್ಕ ಬಿಟ್ಟು, ವರ್ಷಕ್ಕೆ 140 ಡಾಲರ್.

ಈ 2 ಮಿಲ್ಲನ್ನು ಟ್ರಸ್ಟಿಗಳು ತಾವೇ ಹಾಕಿಬಿಡುವ ಹಾಗಿಲ್ಲ. ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಸೇರಿ 10 ಮಿಲ್ ದಾಟಿದರೆ ಜನರ ಒಪ್ಪಿಗೆ ಬೇಕು. ಹಾಗಾಗಿ ಮತಪತ್ರದಲ್ಲಿ ‘ಅಗ್ನಿಶಾಮಕಕ್ಕೆ ಇಷ್ಟು ಮಿಲ್, ಇಷ್ಟು ವರ್ಷ, ಹೌದೋ ಅಲ್ಲವೋ’ ಅಂತ ಬರುತ್ತದೆ. ಅಲ್ಲ ಅಂದರೆ ಹಳೇ ಲಾರಿಯಲ್ಲೇ ಕಾಲ ತಳ್ಳಬೇಕು.

ಮಿನ್ನೆಸೋಟ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮಾರ್ಚ್ ತಿಂಗಳ ಎರಡನೇ ಮಂಗಳವಾರ ಟೌನ್‌ಶಿಪ್ ದಿನ. ಮತದಾರರು ಸಭೆ ಸೇರಿ, ಮುಂದಿನ ವರ್ಷ ಎಷ್ಟು ತೆರಿಗೆ ಎತ್ತಬೇಕು ಅಂತ ತಾವೇ ತೀರ್ಮಾನಿಸುತ್ತಾರೆ.

ಒಂದೇ ಹೆಸರು, ಹಲವು ವೇಷ

ರಾಜ್ಯ ಬದಲಾದರೆ ನಿಯಮವೂ ಬದಲಾಗುತ್ತದೆ. ಇಂಡಿಯಾನಾದಲ್ಲಿ ಒಬ್ಬರೇ ಟ್ರಸ್ಟಿ, ಜೊತೆಗೆ ಮೂವರ ಮಂಡಳಿ. ಬಾಡಿಗೆ, ಕರೆಂಟ್ ಬಿಲ್ ಕಟ್ಟಲಾಗದ ಬಡವರಿಗೆ ನೆರವು ಕೊಡುವ ಹಳೇ ಹೊಣೆ ಅಲ್ಲಿ ಇವತ್ತಿಗೂ ಟ್ರಸ್ಟಿಯದೇ. ಮಿಶಿಗನ್‌ನಲ್ಲಿ ಸೂಪರ್‌ವೈಸರ್, ಕ್ಲರ್ಕ್, ಖಜಾಂಚಿ ಮತ್ತು ಟ್ರಸ್ಟಿಗಳು. ವಿಸ್ಕಾನ್ಸಿನ್‌ನಲ್ಲಿ ಇದನ್ನೇ ‘ಟೌನ್’ ಅನ್ನುತ್ತಾರೆ. ದಕ್ಷಿಣದ ಮತ್ತು ಪಶ್ಚಿಮದ ಬಹುಪಾಲು ರಾಜ್ಯಗಳಲ್ಲಿ ಈ ಹಂತದ ಸರ್ಕಾರವೇ ಇಲ್ಲ, ಕೌಂಟಿಯೇ ಎಲ್ಲ. ದೇಶದಲ್ಲಿ ಒಟ್ಟು 20 ರಾಜ್ಯಗಳಲ್ಲಿ ಟೌನ್‌ಶಿಪ್ ಅಥವಾ ಟೌನ್ ಸರ್ಕಾರಗಳಿವೆ, ಸಂಖ್ಯೆ 16 ಸಾವಿರಕ್ಕೂ ಜಾಸ್ತಿ.

ಹಳ್ಳಿಯೇ ಆಗಿರಬೇಕು ಅಂತೇನೂ ಇಲ್ಲ. ಭಾರತೀಯರು ತುಂಬಿರುವ ನ್ಯೂಜೆರ್ಸಿಯ ಎಡಿಸನ್ ಕಾನೂನಿನ ಪ್ರಕಾರ ಟೌನ್‌ಶಿಪ್, ಜನಸಂಖ್ಯೆ ಒಂದು ಲಕ್ಷ ದಾಟಿದೆ. ಮಿಶಿಗನ್‌ನ ಕ್ಲಿಂಟನ್ ಟೌನ್‌ಶಿಪ್ಪೂ ಅಷ್ಟೇ ದೊಡ್ಡದು. ಇನ್ನೊಂದು ಕಡೆ ನೂರು ಮನೆ ಕೂಡ ಇಲ್ಲದ ಟೌನ್‌ಶಿಪ್‌ಗಳಿವೆ.

ಅಂಚೆ ವಿಳಾಸ ನೋಡಿದರೆ ಮಾತ್ರ ಟೌನ್‌ಶಿಪ್ ಕಾಣುವುದೇ ಇಲ್ಲ. ವಿಳಾಸದಲ್ಲಿ ಬರುವುದು ಹತ್ತಿರದ ಅಂಚೆ ಕಚೇರಿ ಇರುವ ಊರಿನ ಹೆಸರು. ಶಾಲಾ ಜಿಲ್ಲೆಯ ಗಡಿ ಮತ್ತೂ ಬೇರೆ. ಒಂದೇ ಮನೆ ಒಂದು ಊರಿನ ಅಂಚೆ, ಇನ್ನೊಂದು ಊರಿನ ಶಾಲೆ, ಮೂರನೆಯ ಹೆಸರಿನ ಟೌನ್‌ಶಿಪ್‌ಗೆ ಸೇರಿರಬಹುದು. ಹೆಸರಾದರೂ ವಿಶೇಷವೇ ಅಂದರೆ ಅದೂ ಇಲ್ಲ. ವಾಷಿಂಗ್ಟನ್, ಜಾಕ್ಸನ್, ಯೂನಿಯನ್, ಲಿಬರ್ಟಿ. ಒಂದೇ ರಾಜ್ಯದಲ್ಲಿ ವಾಷಿಂಗ್ಟನ್ ಟೌನ್‌ಶಿಪ್ ಹತ್ತಾರು ಸಿಗುತ್ತವೆ. ಯಾವ ಕೌಂಟಿಯದು ಅಂತ ಕೇಳದೆ ಮುಂದೆ ಹೋಗುವ ಹಾಗಿಲ್ಲ.

ಟೌನ್‌ಶಿಪ್‌ಗೆ ದೊಡ್ಡ ತಲೆನೋವು ಪಕ್ಕದ ನಗರ. ನಗರ ಬೆಳೆದಂತೆ ಟೌನ್‌ಶಿಪ್‌ನ ಅಂಚಿನ ಜಮೀನನ್ನು ತನ್ನೊಳಗೆ ಸೇರಿಸಿಕೊಳ್ಳಬಹುದು. ಹೆಚ್ಚಾಗಿ ಜಮೀನು ಮಾಲೀಕರೇ ಅರ್ಜಿ ಹಾಕುತ್ತಾರೆ, ನಗರದ ನೀರು ಮತ್ತು ಒಳಚರಂಡಿ ಸಿಗುತ್ತದಲ್ಲ ಅಂತ. ಒಳ್ಳೇ ತೆರಿಗೆ ಕೊಡುವ ತುಂಡುಗಳು ಹೀಗೆ ಒಂದೊಂದಾಗಿ ಹೋಗಿ, ಚೌಕವಾಗಿದ್ದ ಟೌನ್‌ಶಿಪ್ ಇಲಿ ಕಡಿದ ರೊಟ್ಟಿಯಂತಾಗುತ್ತದೆ. ಮಿಶಿಗನ್ 1947ರಲ್ಲಿ ‘ಚಾರ್ಟರ್ ಟೌನ್‌ಶಿಪ್’ ಎಂಬ ಹೊಸ ಬಗೆ ತಂದಿತು. ನಗರ ನುಂಗದ ಹಾಗೆ ಅದಕ್ಕೆ ಒಂದಿಷ್ಟು ರಕ್ಷಣೆ ಇದೆ.

ಇಷ್ಟು ಸಣ್ಣ ಸರ್ಕಾರ ಈಗಲೂ ಬೇಕಾ ಅನ್ನುವ ಪ್ರಶ್ನೆ ಹಳೆಯದು. ಇಂಡಿಯಾನಾದಲ್ಲಿ 2007ರಲ್ಲಿ ಮಾಜಿ ಗವರ್ನರ್ ಜೋ ಕರ್ನನ್ ಮತ್ತು ಆಗಿನ ಮುಖ್ಯ ನ್ಯಾಯಮೂರ್ತಿ ರ‍್ಯಾಂಡಲ್ ಶೆಪರ್ಡ್ ಮುಂದಾಳತ್ವದ ಸಮಿತಿ, ಟೌನ್‌ಶಿಪ್ ಕೆಲಸಗಳನ್ನೆಲ್ಲ ಕೌಂಟಿಗೆ ವಹಿಸಿ ಅಂತ ಶಿಫಾರಸು ಮಾಡಿತು. ಆಸ್ತಿ ಬೆಲೆ ಕಟ್ಟುವ ಕೆಲಸ ಮಾತ್ರ ಬಹುಪಾಲು ಕಡೆ ಕೌಂಟಿಗೆ ಹೋಯಿತು, ಉಳಿದದ್ದಕ್ಕೆ ಶಾಸಕರು ಒಪ್ಪಲಿಲ್ಲ. ಇಲಿನಾಯ್‌ನ ಎವನ್‌ಸ್ಟನ್‌ನಲ್ಲಿ ನಗರದ ಗಡಿಯೂ ಟೌನ್‌ಶಿಪ್ ಗಡಿಯೂ ಒಂದೇ ಆಗಿತ್ತು. ಅಲ್ಲಿನ ಮತದಾರರು 2014ರಲ್ಲಿ ಟೌನ್‌ಶಿಪ್ ಸಾಕು ಅಂದರು, ಕೆಲಸವೆಲ್ಲ ನಗರಕ್ಕೆ ಹೋಯಿತು.

ಹಳ್ಳಿಗಾಡಿನಲ್ಲಿ ಹಾಗೆ ಕೈಗೆತ್ತಿಕೊಳ್ಳಲು ಪಕ್ಕದಲ್ಲಿ ನಗರ ಇರುವುದಿಲ್ಲ. ಕೌಂಟಿ ಕಚೇರಿಯೂ ಎಷ್ಟೋ ಸಲ ಹತ್ತಿಪ್ಪತ್ತು ಮೈಲಿ ದೂರ. ರಾತ್ರಿ ಹಿಮ ಸುರಿದರೆ ಮುಂಜಾನೆ ಜನ ಫೋನ್ ಮಾಡುವುದು ಟ್ರಸ್ಟಿಯ ಮನೆಗೆ. ಅವರ ಮನೆ ಮುಂದಿನ ರಸ್ತೆಯೂ ಅದೇ ಹಿಮದಡಿ ಇರುತ್ತದೆ.